ಹಿಂದಿನ ಆಕ್ಸಲ್ ಬದಲಿಸಿದ ವ್ಯಾನಿನ ದೋಷಗಳು: ನಾಲ್ಕು ಚಕ್ರ ಚಾಲನೆಗೆ ಮುನ್ನ ಪತ್ತೆ ಮತ್ತು ಪರಿಹಾರ

ಎರಡು ಚಕ್ರ ಚಾಲನೆಯ ವ್ಯಾನನ್ನು ಫೋರ್ ವೀಲ್ ಡ್ರೈವ್ ಮಾಡಲು ಹೊರಟವರ ಗಮನವೆಲ್ಲ ಮುಂದಿನ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಮೇಲೆಯೇ ಇರುತ್ತದೆ. ಆದರೆ ಕೆಲಸ ಶುರುವಾಗುವುದು ಹಿಂಭಾಗದಿಂದ. ಎರಡೂ ಆಕ್ಸಲ್‌ಗಳ ಗೇರ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದು, ಒಂದೇ ಇರಬೇಕು. ವೀಲ್ ಬೋಲ್ಟುಗಳ ವೃತ್ತದ ಅಳತೆಯೂ ಒಂದೇ ಇರಬೇಕು, ಇಲ್ಲವಾದರೆ ಒಂದೇ ಸ್ಟೆಪ್ನಿ ಎರಡೂ ಕಡೆಗೆ ಆಗುವುದಿಲ್ಲ. ದೊಡ್ಡ ಟೈರಿನ ಹೊಡೆತ ತಾಳುವ ಹಬ್ (ಚಕ್ರವನ್ನು ಬೋಲ್ಟ್ ಮಾಡುವ ಆಕ್ಸಲ್ ತುದಿಯ ಭಾಗ) ಕೂಡ ಬೇಕು. ಫೋರ್ಡ್ ಇ-ಸೀರೀಸ್ ವ್ಯಾನಿನ ದೊಡ್ಡ ಮಾದರಿಗಳಲ್ಲಿ ಎಂಟು ಬೋಲ್ಟುಗಳು 165.1 ಮಿ.ಮೀ. ವೃತ್ತದಲ್ಲಿವೆ. 1999ರಿಂದ ಬಂದ ಸೂಪರ್ ಡ್ಯೂಟಿ ಪಿಕಪ್‌ಗಳಲ್ಲಿ ಅದೇ ಎಂಟು ಬೋಲ್ಟುಗಳು 170 ಮಿ.ಮೀ. ವೃತ್ತಕ್ಕೆ ಹೋದವು. ಪಿಕಪ್‌ನ ಮುಂದಿನ ಆಕ್ಸಲ್ ತರುವವರು ಅದರದೇ ಹಿಂದಿನ ಆಕ್ಸಲನ್ನೂ ಜೊತೆಗೆ ತರಲು ಇದು ಮುಖ್ಯ ಕಾರಣ.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಹಿಂದಿನ ಆಕ್ಸಲ್ ಕೂರಿಸಿದ ಮೇಲೆ ಮುಂದಿನದಕ್ಕೆ ಕೈ ಹಾಕುವ ಮೊದಲು ವ್ಯಾನನ್ನು ಸಾವಿರ ಕಿಲೋಮೀಟರ್ ಓಡಿಸಿ. ಆ ಅವಧಿಯಲ್ಲಿ ಕೇಳಿದ ಪ್ರತಿ ಸದ್ದಿನ ಮೂಲ ಹುಡುಕಿ. ಈಗ ನಡುಕ ಬಂದರೆ ಅನುಮಾನಿಸಬೇಕಾದದ್ದು ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಬಲ ಒಯ್ಯುವ ಒಂದು ಪ್ರೊಪೆಲ್ಲರ್ ಶಾಫ್ಟ್, ಆ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಒಂದು ಡಿಫರೆನ್ಷಿಯಲ್, ಎರಡು ಹಬ್ ಮಾತ್ರ. ಟ್ರಾನ್ಸ್‌ಫರ್ ಕೇಸ್, ಇನ್ನೊಂದು ಶಾಫ್ಟ್, ಇನ್ನೊಂದು ಡಿಫರೆನ್ಷಿಯಲ್ ಸೇರಿದ ಮೇಲೆ ಅದೇ ನಡುಕದ ಬೆನ್ನು ಹತ್ತಿದರೆ ವಾರಗಳೇ ಕಳೆಯುತ್ತವೆ.

ವ್ಯಾನಿನ ಕೆಳಗೆ ನುಗ್ಗುವ ಮೊದಲು

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಪಾರ್ಕ್ ಸ್ಥಾನ ಬಿಗಿಯಾಗಿ ಹಿಡಿಯುವುದು ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟನ್ನು ಮಾತ್ರ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣವೇ ಆ ಹಿಡಿತ ಇಲ್ಲವಾಗುತ್ತದೆ. ಗೇರಿನಲ್ಲಿ ನಿಲ್ಲಿಸಿದ ಮ್ಯಾನ್ಯುಯಲ್ ಗಾಡಿಗೂ ಇದೇ ಮಾತು. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳದ್ದು. ಹಿಂಭಾಗ ಎತ್ತಿದ ಮೇಲೆ ಅದರಿಂದಲೂ ಪ್ರಯೋಜನವಿಲ್ಲ. ಹಾಗಾಗಿ ವ್ಯಾನನ್ನು ನಿಜವಾಗಿ ಹಿಡಿದಿಡುವುದು ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕೊಟ್ಟ ಅಡೆ ಮಾತ್ರ. ನೆಲ ಸಮತಟ್ಟಾಗಿರಲಿ, ಗಟ್ಟಿಯಾಗಿರಲಿ. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ತೂಕಕ್ಕೆ ತಕ್ಕ ಸ್ಟ್ಯಾಂಡ್ ಕೊಟ್ಟೇ ಹೋಗಿ.

ಎಂಜಿನ್ ಓಡಿಸಿ ಚಕ್ರ ತಿರುಗಿಸಿ ನೋಡುವ ಪರೀಕ್ಷೆಗೆ ಸ್ಟ್ಯಾಂಡ್ ಇರಬೇಕಾದದ್ದು ಆಕ್ಸಲ್ ಕೊಳವೆಯ ಕೆಳಗೆ, ಚಾಸಿಯ ಕೆಳಗಲ್ಲ. ಆಕ್ಸಲ್ ಜೋತುಬಿದ್ದರೆ ಶಾಫ್ಟಿನ ತುದಿಯ ಜಾಯಿಂಟುಗಳ ಕೋನ ವಿಪರೀತವಾಗಿ ರಸ್ತೆಯಲ್ಲಿ ಇಲ್ಲದ ನಡುಕ ಇಲ್ಲಿ ಕಾಣುತ್ತದೆ. ಎರಡೂ ಚಕ್ರಗಳು ನೆಲ ಬಿಟ್ಟಿರಲೇಬೇಕು. ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ (ಒಂದೇ ಚಕ್ರ ಸುಮ್ಮನೆ ಜಾರದಂತೆ ಎರಡನ್ನೂ ಜೊತೆಗೆ ತಿರುಗಿಸುವ ಏರ್ಪಾಡು) ಇರುವ ಡಿಫರೆನ್ಷಿಯಲ್‌ನಲ್ಲಿ ನೆಲಕ್ಕೆ ತಾಗಿರುವ ಒಂದೇ ಚಕ್ರ ವ್ಯಾನನ್ನು ಸ್ಟ್ಯಾಂಡಿನಿಂದ ಎಳೆದು ಬೀಳಿಸಬಲ್ಲದು. ತಿರುಗುತ್ತಿರುವ ಶಾಫ್ಟಿನ ಹತ್ತಿರ ಯಾರೂ ಇರಕೂಡದು.

ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ ಒರೆಸಿ.

ವೇಗ ಹೆಚ್ಚಿದಂತೆ ನಡುಕ ಬರುತ್ತದೆ

ಆಕ್ಸಲ್ ಬದಲಿಸಿದವರು ಅತಿ ಹೆಚ್ಚು ಹೇಳುವ ದೂರು ಇದು. ಹೆಚ್ಚಿನವರು ಶಾಫ್ಟ್ ಬಿಚ್ಚಿ ಬ್ಯಾಲೆನ್ಸಿಂಗ್‌ಗೆ ಕೊಡುತ್ತಾರೆ. ಮೂಲ ಬೇರೆ ಕಡೆ ಇರುತ್ತದೆ.

ಮೊದಲು ನಡುಕದ ಗತಿಯನ್ನು ಗುರುತಿಸಿ, ಅದಕ್ಕೆ ಖರ್ಚಿಲ್ಲ. 78 ಸೆಂ.ಮೀ. ವ್ಯಾಸದ ಟೈರು ಒಂದು ಸುತ್ತಿಗೆ ಸುಮಾರು 2.45 ಮೀಟರ್ ಸಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 9 ಸುತ್ತು. ಅನುಪಾತ 4.10 ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ ಸುಮಾರು 37 ಸುತ್ತು. ಶಾಫ್ಟಿನ ತುದಿಯಲ್ಲಿ ಬಾಗಲು ಬಿಡುವ ಕ್ರಾಸ್ ಜಾಯಿಂಟಿನ ಕೋನದಿಂದ ಹುಟ್ಟುವ ನಡುಕ ಒಂದು ಸುತ್ತಿಗೆ ಎರಡು ಬಾರಿ ಬರುತ್ತದೆ, ಅಂದರೆ ಸೆಕೆಂಡಿಗೆ 74. ಸೆಕೆಂಡಿಗೆ 9ರ ನಡುಕವನ್ನು ಸೀಟಿನಲ್ಲಿ ಕುಲುಕಾಟವಾಗಿ ಎಣಿಸಿದಷ್ಟು ಸ್ಪಷ್ಟವಾಗಿ ತಿಳಿಯಬಹುದು. 37ರದ್ದು ನೆಲದ ಹಾಳೆಯಲ್ಲಿ ಜುಮುಜುಮು. 74ರದ್ದು ಕಿವಿಗೆ ಒತ್ತುವ ಗುಂಗು. ಮೊಬೈಲ್‌ನಲ್ಲಿ ಕಂಪನ ಅಳೆಯುವ ಆ್ಯಪ್ ಇದ್ದರೆ ಅಂಕಿಯೇ ಸಿಗುತ್ತದೆ. ಈ ಮೂರರಲ್ಲಿ ಯಾವುದೆಂದು ತಿಳಿಯದೆ ಏನನ್ನೂ ಬಿಚ್ಚಬೇಡಿ.

ಚಕ್ರದ ಗತಿಯ ಕುಲುಕಾಟವಾದರೆ ಟೈರ್, ರಿಮ್, ಹಬ್ ನೋಡಿ. ಹಿಂದಿನ ಎರಡು ಚಕ್ರಗಳನ್ನು ಮುಂದಕ್ಕೆ ಹಾಕಲು ಬೋಲ್ಟಿನ ಅಳತೆ ಬಿಡದಿದ್ದರೆ ಎಡಬಲ ಬದಲಿಸಿ ನೋಡಿ. ಡ್ರಮ್ ಮತ್ತು ರಿಮ್ ನಡುವೆ ತುಕ್ಕಿನ ಪೊರೆ ಸಿಕ್ಕಿಕೊಂಡರೂ ಸಾಕು, ಚಕ್ರ ಓಲಾಡುತ್ತದೆ.

ಶಾಫ್ಟಿನ ಗತಿಯ ಜುಮುಜುಮು ಆದರೆ ಒಂದು ವಿಷಯ ನೆನಪಿಡಿ. ಹಳೆಯ ಅನುಪಾತ 3.55 ಇದ್ದು ಈಗ 4.10 ಆಗಿದ್ದರೆ ಅದೇ ರಸ್ತೆ ವೇಗದಲ್ಲಿ ಶಾಫ್ಟ್ ಸುಮಾರು 15 ಶೇಕಡಾ ಜೋರಾಗಿ ತಿರುಗುತ್ತಿದೆ. ಮೊದಲು 115ರಲ್ಲಿ ಬರಬೇಕಿದ್ದ ನಡುಕ ಈಗ 100ರಲ್ಲೇ ಬರುತ್ತದೆ. ದೋಷ ಹೊಸದಲ್ಲ, ಈಗ ಅನುಭವಕ್ಕೆ ಬಂದಿದೆ ಅಷ್ಟೆ. ಶಾಫ್ಟಿನ ಮೇಲೆ ಒಣಗಿದ ಕೆಸರು, ಕಳಚಿಬಿದ್ದ ಬ್ಯಾಲೆನ್ಸ್ ತುಂಡಿನ ಗುರುತು, ಜಜ್ಜಿದ ಗುಳಿ ಇವೆಯೇ ನೋಡಿ. ಕ್ರಾಸ್‌ನ ಬಟ್ಟಲುಗಳು ಯೋಕಿನಲ್ಲಿ (ಕ್ರಾಸನ್ನು ಹಿಡಿಯುವ ಕವಲು) ಪೂರ್ತಿ ಕುಳಿತಿವೆಯೇ, ಕ್ಲಿಪ್‌ಗಳು ತೋಡಿನೊಳಗೆ ಇವೆಯೇ ನೋಡಿ. ಒಂದು ಬಟ್ಟಲು ಅರ್ಧ ಮಿ.ಮೀ. ಹೊರಗಿದ್ದರೂ ಶಾಫ್ಟ್ ಕೇಂದ್ರ ತಪ್ಪುತ್ತದೆ. ಶಾಫ್ಟನ್ನು ಪಿನಿಯನ್ (ಡಿಫರೆನ್ಷಿಯಲ್ ಒಳಕ್ಕೆ ಬಲ ಒಯ್ಯುವ ಚಿಕ್ಕ ಗೇರ್) ಫ್ಲಾಂಜಿನಿಂದ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ಕೆಲವೊಮ್ಮೆ ನಡುಕ ಅಡಗುತ್ತದೆ, ಏಕೆಂದರೆ ಎರಡರ ವಕ್ರತೆಗಳು ಒಂದನ್ನೊಂದು ತಗ್ಗಿಸುತ್ತವೆ. ಇವೆಲ್ಲ ಆದ ಮೇಲೆಯೇ ಬ್ಯಾಲೆನ್ಸಿಂಗ್.

ದುಪ್ಪಟ್ಟು ಗತಿಯ ಗುಂಗು ಆದರೆ ಕೋನ ಅಳೆಯಬೇಕು. ಇದನ್ನು ಅವಸರವಿಲ್ಲದೆ ಮಾಡಿ. ವ್ಯಾನ್ ತನ್ನ ಚಕ್ರಗಳ ಮೇಲೆ, ಎಂದಿನ ಸಾಮಾನು ತುಂಬಿಕೊಂಡು, ಸಮತಟ್ಟು ನೆಲದಲ್ಲಿ ನಿಂತಿರಲಿ. ಡಿಜಿಟಲ್ ಕೋನಮಾಪಕವನ್ನು ಗೇರ್‌ಬಾಕ್ಸಿನ ಹೊರ ಶಾಫ್ಟಿಗೆ ಸಮಾಂತರವಾದ ಮುಖದ ಮೇಲಿಟ್ಟು ಓದಿ, ನಂತರ ಪ್ರೊಪೆಲ್ಲರ್ ಶಾಫ್ಟಿನ ಕೊಳವೆಯ ಮೇಲೆ, ಕೊನೆಗೆ ಪಿನಿಯನ್ನಿನ ಮೇಲೆ. ಎರಡೂ ತುದಿಯಲ್ಲಿ ಒಂದೊಂದೇ ಕ್ರಾಸ್ ಇರುವ ಸಾಮಾನ್ಯ ಶಾಫ್ಟಿಗೆ ನಿಯಮ ಒಂದೇ: ಗೇರ್‌ಬಾಕ್ಸಿನ ರೇಖೆ ಮತ್ತು ಪಿನಿಯನ್ನಿನ ರೇಖೆ ಸಮಾಂತರವಾಗಿರಬೇಕು. ಗೇರ್‌ಬಾಕ್ಸ್ ಹಿಂದಕ್ಕೆ 4 ಡಿಗ್ರಿ ಇಳಿಜಾರಾಗಿದ್ದು ಶಾಫ್ಟ್ 7 ಡಿಗ್ರಿ ಇಳಿಜಾರಾಗಿದ್ದರೆ ಮುಂದಿನ ಜಾಯಿಂಟಿನ ಕೋನ 3. ಪಿನಿಯನ್ ಕೂಡ ಹಿಂದಕ್ಕೆ 4 ಡಿಗ್ರಿ ಇಳಿಜಾರಿನಲ್ಲಿದ್ದರೆ ಹಿಂದಿನ ಜಾಯಿಂಟಿನ ಕೋನವೂ 3. ಮುಂದಿನ ಜಾಯಿಂಟ್ ಉಂಟುಮಾಡುವ ವೇಗದ ಏರಿಳಿತವನ್ನು ಹಿಂದಿನದು ಅಳಿಸಿಹಾಕುತ್ತದೆ.

ಲೀಫ್ ಸ್ಪ್ರಿಂಗ್ ಇರುವ ವ್ಯಾನಿನಲ್ಲಿ ನಿಂತಾಗ ಪಿನಿಯನ್ನಿನ ಮೂತಿಯನ್ನು ಸಮಾಂತರಕ್ಕಿಂತ 1 ರಿಂದ 2 ಡಿಗ್ರಿ ಕೆಳಗಿಡುತ್ತಾರೆ. ಎಳೆತ ಬಿದ್ದಾಗ ಸ್ಪ್ರಿಂಗ್ ಹೊರಳಿ ಮೂತಿ ಮೇಲಕ್ಕೇಳುತ್ತದೆ, ಆಗ ರೇಖೆಗಳು ಸರಿಹೋಗುತ್ತವೆ.

ಅತಿ ಸಾಮಾನ್ಯ ತಪ್ಪು ಯಾವುದೆಂದರೆ, ಪಿನಿಯನ್ನಿನ ಮೂತಿಯನ್ನು ನೇರವಾಗಿ ಗೇರ್‌ಬಾಕ್ಸಿನತ್ತ ಗುರಿಯಿಟ್ಟು ಸ್ಪ್ರಿಂಗ್ ಸೀಟ್‌ಗಳನ್ನು (ಸ್ಪ್ರಿಂಗ್ ಕೂರಲು ಆಕ್ಸಲ್ ಕೊಳವೆಯ ಮೇಲಿರುವ ಆಧಾರ) ವೆಲ್ಡ್ ಮಾಡುವುದು. ಕಣ್ಣಿಗೆ ಅದು ಅಂದವಾಗಿ ಕಾಣುತ್ತದೆ. ಮೇಲಿನ ತುದಿಯಲ್ಲಿ ಜೋಡಿ ಕ್ರಾಸ್ ಇರುವ ಶಾಫ್ಟಿಗೆ ಮಾತ್ರ ಅದು ಸರಿ. ಒಂಟಿ ಕ್ರಾಸ್ ಶಾಫ್ಟಿನಲ್ಲಿ ಮುಂದೆ 3 ಡಿಗ್ರಿ, ಹಿಂದೆ ಸೊನ್ನೆ ಆಗಿ ಏರಿಳಿತ ಅಳಿಯುವುದೇ ಇಲ್ಲ. ಕೋನ ಪೂರ್ತಿ ಸೊನ್ನೆಯಾದರೆ ಕ್ರಾಸ್‌ನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಕುಟ್ಟಿ ಗುಳಿ ಮಾಡುತ್ತವೆ. ಅರ್ಧದಿಂದ ಒಂದು ಡಿಗ್ರಿಯಾದರೂ ಬೇಕು.

ಪರಿಹಾರಕ್ಕೆ ಸ್ಪ್ರಿಂಗ್ ಮತ್ತು ಸೀಟಿನ ನಡುವೆ ಇಡುವ ಓರೆ ಷಿಮ್‌ಗಳು (ಬೆಣೆಯಂಥ ತುಂಡುಗಳು) ಸಿಗುತ್ತವೆ. ಉಕ್ಕಿನವನ್ನೇ ಹಾಕಿ. ಅಲ್ಯೂಮಿನಿಯಂ ಷಿಮ್‌ಗಳು ಭಾರಕ್ಕೆ ಜಜ್ಜಿ ಒಡೆದುಹೋಗಿ ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟಿಹಿಡಿಯುವ ಯು ಬೋಲ್ಟ್ ಸಡಿಲಾಗುತ್ತದೆ. ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ತಿದ್ದಬೇಕಿದ್ದರೆ ಸೀಟ್ ಕತ್ತರಿಸಿ ಮರುವೆಲ್ಡ್ ಮಾಡುವುದೇ ದಾರಿ.

ಶಾಫ್ಟಿನ ಎರಡೂ ತುದಿಯ ಯೋಕುಗಳು ಒಂದೇ ಸಾಲಿನಲ್ಲಿವೆಯೇ ಎಂದೂ ನೋಡಿ. ಜಾರುವ ಭಾಗ ಬಿಚ್ಚಿ ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ಕೋನ ಎಷ್ಟೇ ಸರಿಯಿದ್ದರೂ ನಡುಕ ಹೋಗುವುದಿಲ್ಲ.

ಇಲ್ಲಿ ಮುಂದಿನ ಹಂತದ ಯೋಚನೆಯೂ ಬೇಕು. ಟ್ರಾನ್ಸ್‌ಫರ್ ಕೇಸ್ ಬಂದಾಗ ಹಿಂದಿನ ಶಾಫ್ಟ್ ಗಿಡ್ಡವಾಗುತ್ತದೆ. ಎರಡು ತುದಿಗಳ ಎತ್ತರದ ವ್ಯತ್ಯಾಸ 180 ಮಿ.ಮೀ. ಇದ್ದಾಗ 1500 ಮಿ.ಮೀ. ಉದ್ದದ ಶಾಫ್ಟ್ ಸುಮಾರು 7 ಡಿಗ್ರಿ ಇಳಿಜಾರಾಗಿರುತ್ತದೆ. ಅದೇ ಎತ್ತರಕ್ಕೆ 1000 ಮಿ.ಮೀ. ಶಾಫ್ಟ್ ಆದರೆ 10 ಡಿಗ್ರಿ ದಾಟುತ್ತದೆ. ಹಾಗಾಗಿ ವ್ಯಾನನ್ನು ಎತ್ತರಿಸುವ ಸ್ಪ್ರಿಂಗ್‌ಗಳನ್ನು ಆಕ್ಸಲ್ ಜೊತೆಗೇ ಹಾಕಿ, ಅಂತಿಮ ಎತ್ತರದಲ್ಲೇ ಕೋನ ಅಳೆದು ಬರೆದಿಡಿ. ಮುಂದೆ ಕೋನ ತಿದ್ದಬಹುದೆಂಬ ಲೆಕ್ಕದಲ್ಲಿ ಸೀಟ್‌ಗಳಿಗೆ ಬರೀ ಟ್ಯಾಕ್ (ಅಲ್ಲಲ್ಲಿ ಚುಕ್ಕಿಯಂಥ ವೆಲ್ಡ್) ಹಾಕಿ ರಸ್ತೆಗಿಳಿಸುವುದು ಮಾತ್ರ ಪ್ರಾಣಕ್ಕೆ ಸಂಚಕಾರ. ಒಂದು ಮೀಟರ್ ಸರಿಯುವುದಾದರೂ ಪೂರ್ತಿ ವೆಲ್ಡ್ ಆಗಿರಬೇಕು.

ನಿಂತಲ್ಲಿಂದ ಹೊರಡುವಾಗ ಮಾತ್ರ ಗಡಗಡ

ಮೊದಲ ಗೇರಿನಲ್ಲಿ ಭಾರ ಎಳೆಯುವಾಗ, ಗಂಟೆಗೆ 10 ರಿಂದ 40 ಕಿ.ಮೀ. ಒಳಗೆ ಗಡಗಡಿಸಿ ಆಮೇಲೆ ಶಾಂತವಾದರೆ ಅದು ಬ್ಯಾಲೆನ್ಸಿನ ದೋಷವಲ್ಲ. ಉದ್ದ ವ್ಯಾನ್‌ಗಳಲ್ಲಿ ಎರಡು ತುಂಡಿನ ಶಾಫ್ಟ್ ಇರುತ್ತದೆ. ನಡುವಿನ ಸೆಂಟರ್ ಬೇರಿಂಗ್‌ನ ರಬ್ಬರ್ ಹರಿದಿದೆಯೇ ಎಂದು ಕೈಯಲ್ಲಿ ಎತ್ತಿ ನೋಡಿ. ರಬ್ಬರ್ ಸರಿಯಿದ್ದರೆ ಆ ಬೇರಿಂಗ್ ಕೂತ ಎತ್ತರ ನೋಡಿ. ಹಿಂಭಾಗ ಎತ್ತರಿಸಿದಾಗ ಅದರ ಬ್ರಾಕೆಟ್ ಹಳೆಯ ಜಾಗದಲ್ಲೇ ಉಳಿದಿರುತ್ತದೆ. ಷಿಮ್ ಕೊಟ್ಟು ಅಥವಾ ತೆಗೆದು 5 ಮಿ.ಮೀ.ನಂತೆ ಬದಲಿಸಿ ಓಡಿಸಿ ನೋಡುವುದು ಅಗ್ಗದ ಪರೀಕ್ಷೆ.

ಅದೂ ಅಲ್ಲದಿದ್ದರೆ ಸ್ಪ್ರಿಂಗ್ ಹೊರಳಾಟ. ಒಬ್ಬರು ಬ್ರೇಕ್ ತುಳಿದು ಡ್ರೈವ್‌ನಲ್ಲಿ ಸ್ವಲ್ಪವೇ ಎಂಜಿನ್ ವೇಗ ಹೆಚ್ಚಿಸಲಿ, ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ಪಿನಿಯನ್ ಮೂತಿ ಎಷ್ಟು ಏಳುತ್ತದೆ ಎಂದು ನೋಡಲಿ. ವ್ಯಾನಿನ ಮುಂದೆ ಅಥವಾ ಹಿಂದೆ ಯಾರೂ ನಿಲ್ಲಬಾರದು. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಎತ್ತರದ ಬ್ಲಾಕ್ ಇಟ್ಟಿದ್ದರೆ ಈ ಹೊರಳಾಟ ಹೆಚ್ಚು, ಏಕೆಂದರೆ ಬ್ಲಾಕ್ ಸನ್ನೆಯಂತೆ ಕೆಲಸ ಮಾಡುತ್ತದೆ.

ಗೇರ್ ಹಾಕಿದಾಗ, ಬ್ರೇಕ್ ಬಿಟ್ಟಾಗ ಟಕ್ ಎನ್ನುತ್ತದೆ

ಚಕ್ರಗಳಿಗೆ ಅಡೆ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟನ್ನು ಕೈಯಲ್ಲಿ ಎರಡೂ ಕಡೆ ತಿರುಗಿಸಿ. ಕ್ರಾಸ್‌ನಲ್ಲಿ ಕಣ್ಣಿಗೆ ಕಾಣುವ ಆಟವೇ ಇರಬಾರದು. ಜಾರುವ ಯೋಕಿನ ಹಲ್ಲುಗಳು ಒಣಗಿದ್ದರೂ ನಿಲ್ಲುವಾಗ ಒಂದು ಟಕ್ ಬರುತ್ತದೆ, ಗ್ರೀಸ್ ಸಾಕು.

ಗುಂಡಿಯಲ್ಲಿ ಇಳಿದಾಗ ಗೇರ್‌ಬಾಕ್ಸಿನಿಂದ ದಪ್ಪನೆಯ ಹೊಡೆತ ಕೇಳಿದರೆ ಅಲ್ಲೇ ನಿಲ್ಲಿಸಿ. ಹೊಸ ಆಕ್ಸಲಿನ ಪಿನಿಯನ್ ಉದ್ದವಾಗಿದ್ದು ಶಾಫ್ಟ್ ಗಿಡ್ಡ ಮಾಡಿಸದಿದ್ದರೆ ಸ್ಪ್ರಿಂಗ್ ಅದುಮಿದಾಗ ಯೋಕ್ ಗೇರ್‌ಬಾಕ್ಸಿನ ಒಳಕ್ಕೆ ಗುದ್ದುತ್ತದೆ. ಹೊರ ಬೇರಿಂಗ್ ಮತ್ತು ಕೇಸಿಂಗ್ ಒಡೆಯಲು ಕೆಲವೇ ಹೊಡೆತ ಸಾಕು. ಆಕ್ಸಲ್ ಪೂರ್ತಿ ಮೇಲಕ್ಕೆ ಬಂದಾಗಲೂ ಯೋಕಿಗೆ 20 ರಿಂದ 25 ಮಿ.ಮೀ. ಜಾಗ ಉಳಿಯಬೇಕು; ಪೂರ್ತಿ ಜೋತಾಗಲೂ ಹಲ್ಲುಗಳು ಚೆನ್ನಾಗಿ ಕಚ್ಚಿಕೊಂಡಿರಬೇಕು.

ಇವೆರಡೂ ಸರಿಯಿದ್ದು ಟಕ್ ಉಳಿದರೆ ಸ್ಪ್ರಿಂಗ್ ಸೀಟಿನತ್ತ ಹೋಗಿ. ನನ್ನ ವ್ಯಾನಿನಲ್ಲಿ ಮೂರು ವಾರ ಕಾಡಿದ ಟಕ್ ಅಲ್ಲಿಯೇ ಇತ್ತು. ಯು ಬೋಲ್ಟ್‌ಗಳು ಬಿಗಿಯಾಗಿದ್ದವು, ಕ್ರಾಸ್ ಹೊಸದು. ಟಾರ್ಚ್ ಹಿಡಿದು ನೋಡಿದಾಗ ಎಡಗಡೆ ಸೀಟಿನ ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ ಇತ್ತು. ಅದನ್ನು ಒರೆಸಿದರೆ ಉಗುರಿನ ಅಗಲದಷ್ಟು ಲೋಹ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡು ಲೋಹಗಳು ಬಿಗಿತದಲ್ಲೂ ಉಜ್ಜಾಡಿದಾಗ ಹೀಗಾಗುತ್ತದೆ. ಸ್ಪ್ರಿಂಗ್, ಸೀಟ್ ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದ ಗೆರೆ ಎಳೆದು 40 ಕಿ.ಮೀ. ಓಡಿಸಿದೆ. ಗೆರೆ ತುಂಡಾಗಿ 3 ಮಿ.ಮೀ. ಸರಿದಿತ್ತು. ಬಿಚ್ಚಿದಾಗ ಸೀಟಿನ ತೂತು 19 ಮಿ.ಮೀ., ಅದರಲ್ಲಿ ಕೂರಬೇಕಾದ ಸ್ಪ್ರಿಂಗಿನ ಸೆಂಟರ್ ಬೋಲ್ಟಿನ ತಲೆ 14 ಮಿ.ಮೀ. ಆಕ್ಸಲ್ ಬಂದದ್ದು ಬೇರೆ ಗಾಡಿಯಿಂದ, ಸ್ಪ್ರಿಂಗ್ ವ್ಯಾನಿನದು. ಎರಡರ ಅಳತೆ ಹೊಂದುತ್ತದೆಯೇ ಎಂದು ಜೋಡಿಸುವ ಮೊದಲು ನಾನು ನೋಡಿರಲಿಲ್ಲ. ಲೇತ್‌ನಲ್ಲಿ ಉಕ್ಕಿನ ಬುಷ್ ಮಾಡಿಸಿ ತೂತಿಗೆ ಬಿಗಿಯಾಗಿ ಕೂರಿಸಿದ ಮೇಲೆ ಸದ್ದು ನಿಂತಿತು. ಆ ಬಿಳಿ ಗೆರೆಯನ್ನು ಈಗ ಪ್ರತಿ ಕೆಲಸದಲ್ಲೂ ಎಳೆಯುತ್ತೇನೆ.

ಯು ಬೋಲ್ಟ್ ಹೊಸದೇ ಇರಲಿ, ಒಮ್ಮೆ ಹಿಗ್ಗಿದ್ದನ್ನು ಮತ್ತೆ ಬಳಸಬೇಡಿ. ವ್ಯಾನಿನ ಭಾರ ಸ್ಪ್ರಿಂಗ್ ಮೇಲೆ ಬಿದ್ದ ನಂತರ ಅಡ್ಡಡ್ಡವಾಗಿ, ಹಂತಹಂತವಾಗಿ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿ ಮಾಡಿ. ಮೊದಲ 100 ಕಿ.ಮೀ. ಬಳಿಕ ಮತ್ತೊಮ್ಮೆ ಬಿಗಿತ ನೋಡಿ.

ಗುಂಯ್ ಎನ್ನುವ ಸದ್ದು, ಗೊರಗೊರ ಸದ್ದು

ಮೊದಲ ಅನುಮಾನ ಟೈರಿನ ಮೇಲೆ ಇರಲಿ. ಕೆಸರಿನ ಟೈರುಗಳ ಗುಂಗು ಡಿಫರೆನ್ಷಿಯಲ್ ಸದ್ದಿನಂತೆಯೇ ಕೇಳುತ್ತದೆ. ನುಣುಪಾದ ರಸ್ತೆಯಿಂದ ಒರಟು ರಸ್ತೆಗೆ ಹೋದಾಗ ಸದ್ದು ಬದಲಾದರೆ ಟೈರು. ಆಮೇಲೆ ಎಣ್ಣೆಯ ಮಟ್ಟ.

ನಂತರ ಆಕ್ಸಿಲರೇಟರ್ ಜೊತೆ ಸದ್ದಿನ ಸಂಬಂಧ ಗಮನಿಸಿ. ಒತ್ತಿದಾಗ ಮಾತ್ರ ಬರುವ, ಅಥವಾ ಬಿಟ್ಟಾಗ ಮಾತ್ರ ಬರುವ ಗುಂಯ್ ಕ್ರೌನ್ ಪಿನಿಯನ್ (ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಗೇರಿನ ಜೋಡಿ) ಹಲ್ಲುಗಳದ್ದು. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಇರುವ ಗೊರಗೊರ ಬೇರಿಂಗಿನದು. ಅಗಲವಾದ ತಿರುವಿನಲ್ಲಿ ಎಡಕ್ಕೆ ಹೊರಳಿದಾಗ ಭಾರ ಬಲ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲ ಹಬ್ಬಿನ ಬೇರಿಂಗ್ ನೋಡಿ. ನಿಧಾನದ ಗಿಡ್ಡ ತಿರುವಿನಲ್ಲಿ ಮಾತ್ರ ಕಟಕಟ ನಡುಗಿದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಬೇಕಾದ ಘರ್ಷಣೆ ತಗ್ಗಿಸುವ ದ್ರವವನ್ನು ಎಣ್ಣೆಗೆ ಸೇರಿಸಿಲ್ಲ ಎಂದರ್ಥ. ಅಗ್ಗದಲ್ಲಿ ಮುಗಿಯುವ ದೋಷ ಅದು.

ಹಲ್ಲುಗಳ ಸದ್ದು ಖಚಿತವಾದರೆ ಕವರ್ ಬಿಚ್ಚಿ ಡಯಲ್ ಗೇಜ್‌ನಲ್ಲಿ ಹಲ್ಲುಗಳ ನಡುವಿನ ಆಟ ಅಳೆಯಬಹುದು. ಈ ಗಾತ್ರದ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ ಅದು 0.1 ರಿಂದ 0.25 ಮಿ.ಮೀ. ಒಳಗೆ ಇರುತ್ತದೆ, ಖಚಿತ ಅಂಕಿ ಆಯಾ ಆಕ್ಸಲಿನ ಕೈಪಿಡಿಯದು. ಅಳೆಯುವಲ್ಲಿಗೆ ನಿಲ್ಲಿ. ಒಟ್ಟಿಗೆ ಸವೆದ ಹಳೆಯ ಜೋಡಿಯನ್ನು ಹೊಸ ಸ್ಥಾನಕ್ಕೆ ಸರಿಸಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕ್ರೌನ್ ಪಿನಿಯನ್ ಕೂರಿಸುವುದು ಅದನ್ನೇ ಮಾಡುವ ನುರಿತ ಮೆಕ್ಯಾನಿಕ್ಕಿನ ಕೆಲಸ.

ವ್ಯಾನ್ ಓರೆಯಾಗಿ ಓಡುತ್ತದೆ, ಸ್ಟೀರಿಂಗ್ ನೇರ ನಿಲ್ಲುವುದಿಲ್ಲ

ಹಿಂದೆ ಬರುವ ಗಾಡಿಯವರಿಗೆ ನಿಮ್ಮ ವ್ಯಾನ್ ಏಡಿಯಂತೆ ಅಡ್ಡ ಸಾಗುತ್ತಿರುವುದು ಕಾಣುತ್ತದೆ. ಒಳಗಿರುವ ನಿಮಗೆ ಸ್ಟೀರಿಂಗ್ ಒಂದು ಕಡೆಗೆ ವಾಲಿರುವುದಷ್ಟೇ ತಿಳಿಯುತ್ತದೆ. ಚಾಸಿಯ ಎರಡೂ ಬದಿಯಲ್ಲಿ ಒಂದೇ ಬಗೆಯ ಸ್ಥಿರ ಬಿಂದು ಹಿಡಿದು ಅಲ್ಲಿಂದ ಆಕ್ಸಲಿಗೆ ಟೇಪಿನಲ್ಲಿ ಅಳೆಯಿರಿ. ಎಡಬಲದ ಅಂತರ 3 ಮಿ.ಮೀ. ಒಳಗಿರಬೇಕು. ಹೆಚ್ಚಿದ್ದರೆ ಸೆಂಟರ್ ಬೋಲ್ಟ್, ಸೀಟಿನ ತೂತು, ಸ್ಪ್ರಿಂಗ್ ಬುಷ್ ನೋಡಿ.

ಅಳತೆ ಸರಿಯಿದ್ದೂ ಟೈರ್ ಒಂದು ಅಂಚಿನಲ್ಲಿ ಸವೆಯುತ್ತಿದ್ದರೆ ಆಕ್ಸಲ್ ಕೊಳವೆಯೇ ಬಾಗಿರಬಹುದು. ಸೀಟ್ ವೆಲ್ಡ್ ಮಾಡುವಾಗ ಒಂದೇ ಕಡೆ ಉದ್ದಕ್ಕೆ ಕಾಯಿಸಿದರೆ ಕೊಳವೆ ಆ ಕಡೆಗೆ ಸೆಳೆದುಕೊಳ್ಳುತ್ತದೆ. ಹಿಂದಿನ ಎರಡು ಟೈರುಗಳ ನಡುವಿನ ಅಂತರವನ್ನು ಹಬ್ಬಿನ ಎತ್ತರದಲ್ಲಿ ಮುಂಭಾಗದಲ್ಲಿ ಅಳೆದು, ಅದೇ ಗುರುತು ಹಿಂಭಾಗಕ್ಕೆ ಬರುವಂತೆ ಚಕ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ವ್ಯತ್ಯಾಸ ಸ್ಪಷ್ಟವಾಗಿದ್ದರೆ ಕೊಳವೆ ನೇರ ಮಾಡುವ ಸಾಧನವಿರುವ ಗ್ಯಾರೇಜಿಗೆ ಹೋಗಿ. ಮನೆಯಲ್ಲಿ ಕಾಯಿಸಿ ಬಗ್ಗಿಸುವ ಸಾಹಸ ಬೇಡ.

ಎಣ್ಣೆ ಸೋರುತ್ತದೆ, ಹಬ್ ಬಿಸಿಯಾಗುತ್ತದೆ

ಆಕ್ಸಲಿನ ಎರಡು ತುದಿಗಳದ್ದು, ಪಿನಿಯನ್ನಿನದು, ಹೀಗೆ ಮೂರು ಸೀಲ್‌ಗಳೂ ಒಟ್ಟಿಗೆ ಸೋರಲು ಶುರುಮಾಡಿದರೆ ಸೀಲ್ ತರಲು ಓಡಬೇಡಿ, ಬ್ರೀದರ್ (ಆಕ್ಸಲಿನ ಒಳಗಾಳಿ ಹೊರಬಿಡುವ ಕಿಂಡಿ) ನೋಡಿ. ಬಹಳ ದಿನ ಮಳೆಯಲ್ಲಿ ಬಿದ್ದಿದ್ದ ಆಕ್ಸಲಿನ ಬ್ರೀದರ್ ತುಕ್ಕು ಹಿಡಿದು ಮುಚ್ಚಿರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಎಣ್ಣೆಯನ್ನು ಸೀಲ್ ದಾಟಿಸುತ್ತದೆ. ಬಿಚ್ಚಿ ಊದಿದರೆ ಗಾಳಿ ಹಾಯಬೇಕು. ನೀರು ದಾಟುವ ಉದ್ದೇಶವಿರುವ ವ್ಯಾನಿಗೆ ಹೇಗೂ ಉದ್ದ ಕೊಳವೆ ಹಾಕಿ ಬ್ರೀದರನ್ನು ಮೇಲಕ್ಕೆ ಒಯ್ಯಬೇಕು, ಈಗಲೇ ಒಯ್ಯಿರಿ.

ಪಿನಿಯನ್ ಸೀಲ್ ಮಾತ್ರ ಸೋರಿದರೆ ಬದಲಿಸಬಹುದು, ಆದರೆ ನಟ್ ಬಿಚ್ಚುವ ಮೊದಲು ನಟ್, ಪಿನಿಯನ್, ಫ್ಲಾಂಜ್ ಮೂರರ ಮೇಲೂ ಗುರುತು ಹಾಕಿ, ಪಿನಿಯನ್ ತಿರುಗಿಸಲು ಬೇಕಾದ ಬಲ ಅಳೆದಿಡಿ. ಕೆಲವು ಆಕ್ಸಲ್‌ಗಳಲ್ಲಿ ಬೇರಿಂಗ್ ಬಿಗಿತ ನಿರ್ಧರಿಸುವುದು ನಟ್ ಬಿಗಿದಂತೆ ಜಜ್ಜಿ ಗಿಡ್ಡವಾಗುವ ಒಂದು ಕೊಳವೆ (ಕ್ರಷ್ ಸ್ಲೀವ್). ಸುಮ್ಮನೆ ಜೋರಾಗಿ ಬಿಗಿದರೆ ಅದು ಇನ್ನಷ್ಟು ಜಜ್ಜಿ ಬೇರಿಂಗ್ ಸುಟ್ಟುಹೋಗುತ್ತದೆ.

ಡ್ರಮ್ಮಿನ ಒಳಗಿಂದ ಗಂಧಕದ ವಾಸನೆಯ ಎಣ್ಣೆ ಇಳಿದರೆ ಅದು ಗೇರ್ ಎಣ್ಣೆ. ವ್ಯಾನ್ ನಿಲ್ಲಿಸಿ. ಎಣ್ಣೆ ಹೀರಿದ ಬ್ರೇಕ್ ಶೂಗಳನ್ನು ತೊಳೆದು ಬಳಸಲಾಗದು, ಬದಲಿಸಲೇಬೇಕು.

20 ಕಿ.ಮೀ. ಓಡಿಸಿ ನಿಂತಾಗ ಎರಡೂ ಹಬ್ಬುಗಳ ಹತ್ತಿರಕ್ಕೆ ಅಂಗೈ ಒಯ್ದು ಬಿಸಿಯನ್ನು ಹೋಲಿಸಿ, ತಕ್ಷಣ ಮುಟ್ಟಬೇಡಿ. ಎರಡೂ ಸಮನಾಗಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಫುಲ್ ಫ್ಲೋಟಿಂಗ್ ಆಕ್ಸಲಿನಲ್ಲಿ ವ್ಯಾನಿನ ಭಾರ ಹೊರುವುದು ಹಬ್ಬಿನ ಎರಡು ಬೇರಿಂಗ್‌ಗಳು. ಶಾಫ್ಟ್ ತಿರುಗಿಸುತ್ತದೆ ಅಷ್ಟೆ. ಆ ಬೇರಿಂಗ್ ಹೋದರೆ ಹಬ್ ಸಮೇತ ಚಕ್ರ ಕಳಚುತ್ತದೆ.

ಬ್ರೇಕ್ ಪೆಡಲ್ ಮೆತ್ತಗಿದೆ, ಹಿಂಭಾಗ ಬೇಗ ಜಾಮ್ ಆಗುತ್ತದೆ ಅಥವಾ ಹಿಡಿಯುವುದೇ ಇಲ್ಲ

ಮೆತ್ತನೆಯ ಪೆಡಲ್ ಎಂದರೆ ಮೊದಲು ಗಾಳಿ, ನಂತರ ಡ್ರಮ್ ಶೂಗಳ ಹೊಂದಾಣಿಕೆ. ಎರಡೂ ಖರ್ಚಿಲ್ಲದ ಕೆಲಸ. ಆಮೇಲೆ ಹೊಸ ಆಕ್ಸಲಿನ ವೀಲ್ ಸಿಲಿಂಡರ್ ಗಾತ್ರ ಹಳೆಯದಕ್ಕಿಂತ ದೊಡ್ಡದೇ ಎಂದು ನೋಡಿ.

ಹಿಂದಿನ ಬ್ರೇಕ್ ಸೋತಿದೆ ಅನಿಸಿದರೆ ಚಾಸಿ ಮತ್ತು ಆಕ್ಸಲ್ ನಡುವೆ ಒಂದು ಸಣ್ಣ ಕಂಬಿಯ ಜೋಡಣೆ ಇದೆಯೇ ಹುಡುಕಿ. ಭಾರ ಅರಿತು ಒತ್ತಡ ಹಂಚುವ ವಾಲ್ವ್ ಅದು. ವ್ಯಾನ್ ಎತ್ತರಿಸಿದಾಗ ಕಂಬಿ ಕೆಳಕ್ಕೆ ಎಳೆಯಲ್ಪಟ್ಟು, ವ್ಯಾನ್ ಖಾಲಿ ಇದೆ ಎಂಬ ಲೆಕ್ಕದಲ್ಲಿ ವಾಲ್ವ್ ಹಿಂದಿನ ಬ್ರೇಕಿಗೆ ಒತ್ತಡ ತಗ್ಗಿಸುತ್ತದೆ. ಎತ್ತರಿಸಿದಷ್ಟೇ ಕಂಬಿಯ ಬ್ರಾಕೆಟನ್ನೂ ಸರಿಸಬೇಕು. ಆಕ್ಸಲ್ ಪೂರ್ತಿ ಜೋತಾಗ ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ ಎಂದೂ ನೋಡಿ.

ಮುಂದಿನ ಚಕ್ರಗಳಿಗಿಂತ ಮೊದಲು ಹಿಂದಿನವು ಜಾಮ್ ಆದರೆ ವ್ಯಾನ್ ಗಿರ್ರನೆ ತಿರುಗುತ್ತದೆ. ಡ್ರಮ್ ಆಕ್ಸಲಿನಿಂದ ಡಿಸ್ಕ್ ಆಕ್ಸಲಿಗೆ ಬದಲಾಗಿದ್ದರೆ ಮಾಸ್ಟರ್ ಸಿಲಿಂಡರ್ ಮತ್ತು ವಾಲ್ವ್‌ಗಳ ಹೊಂದಾಣಿಕೆಯನ್ನು ಬ್ರೇಕ್ ಬಲ್ಲವರಿಂದ ಪರೀಕ್ಷಿಸಿಕೊಳ್ಳದೆ ಸಾರ್ವಜನಿಕ ರಸ್ತೆಗೆ ಹೋಗಬೇಡಿ.

ವೀಲ್ ನಟ್ ಮತ್ತೆ ಮತ್ತೆ ಸಡಿಲಾಗುತ್ತದೆ

ಎರಡನೆಯ ಬಾರಿ ಸಡಿಲಾದರೆ ಓಡಿಸುವುದು ನಿಲ್ಲಿಸಿ. 165.1 ಮತ್ತು 170 ಮಿ.ಮೀ. ವೃತ್ತಗಳ ನಡುವೆ ಪ್ರತಿ ಬೋಲ್ಟಿನ ಸ್ಥಾನದಲ್ಲಿ ವ್ಯತ್ಯಾಸ ಎರಡೂವರೆ ಮಿ.ಮೀ. ಅಷ್ಟೆ. ಒತ್ತಾಯದಿಂದ ಕೂರಿಸಿದರೆ ಕೂತಂತೆ ಕಾಣುತ್ತದೆ, ಸ್ಟಡ್‌ಗಳು ಬಾಗುತ್ತವೆ. ನಟ್‌ನ ಕೆಳಮುಖ ಮತ್ತು ರಿಮ್ಮಿನ ತೂತಿನ ಆಕಾರ ಒಂದಕ್ಕೊಂದು ಹೊಂದುತ್ತವೆಯೇ, ರಿಮ್ಮಿನ ನಡುವಿನ ತೂತು ಹಬ್ಬಿನ ಮೇಲೆ ಸರಿಯಾಗಿ ಕೂರುತ್ತದೆಯೇ ನೋಡಿ. ತೂತು ಅಂಡಾಕಾರವಾದ ರಿಮ್ ಗುಜರಿಗೆ.

ಸ್ಪೀಡೋಮೀಟರ್ ತಪ್ಪು, ಎಬಿಎಸ್ ದೀಪ

ವೇಗ ಅಳೆಯುವ ಸೆನ್ಸರ್ ಗೇರ್‌ಬಾಕ್ಸಿನ ಬಾಲದಲ್ಲಿದ್ದರೆ ಅನುಪಾತ ಬದಲಾದಂತೆ ಸ್ಪೀಡೋಮೀಟರ್ ತಪ್ಪುತ್ತದೆ. 3.55ರಿಂದ 4.10ಕ್ಕೆ ಹೋದರೆ, ಟೈರು ಹಳೆಯದೇ ಇದ್ದಾಗ, ನಿಜವಾದ 80 ಸುಮಾರು 92 ಎಂದು ತೋರುತ್ತದೆ. ಸೆನ್ಸರ್ ಡಿಫರೆನ್ಷಿಯಲ್ ಒಳಗೆ ಕ್ರೌನ್ ಜೊತೆ ತಿರುಗುವ ಹಲ್ಲಿನ ಉಂಗುರವನ್ನು ಓದುತ್ತಿದ್ದರೆ ಅನುಪಾತದಿಂದ ವ್ಯತ್ಯಾಸವಿಲ್ಲ, ಹಲ್ಲುಗಳ ಸಂಖ್ಯೆಯಿಂದ ಇದೆ. ಹಳೆಯ ಮತ್ತು ಹೊಸ ಆಕ್ಸಲಿನ ಉಂಗುರದ ಹಲ್ಲು ಎಣಿಸಿ. ಇನ್ನೇನು ನಿಲ್ಲಬೇಕು ಎನ್ನುವಷ್ಟು ನಿಧಾನದಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಏರ್ಪಾಡು) ಎದ್ದು ಬ್ರೇಕ್ ಪೆಡಲ್ ಮಿಡಿದರೆ ಸೆನ್ಸರ್ ತುದಿಗೆ ಅಂಟಿದ ಲೋಹದ ಪುಡಿಯನ್ನು ಒರೆಸಿ ನೋಡಿ.

ಮುಂದಿನ ಆಕ್ಸಲ್ ತರುವ ಮೊದಲು ಅನುಪಾತವನ್ನು ಎಣಿಸಿ

ಆಕ್ಸಲ್ ಮೇಲಿನ ತಗಡಿನ ಚೀಟಿಯನ್ನು ನಂಬಬೇಡಿ. ಹಿಂದಿನ ಮಾಲೀಕರು ಒಳಗಿನ ಗೇರ್ ಬದಲಿಸಿರಬಹುದು. ಸಾಮಾನ್ಯ ಡಿಫರೆನ್ಷಿಯಲ್ ಆದರೆ ಒಂದು ಚಕ್ರ ಹಿಡಿದು ಇನ್ನೊಂದನ್ನು 20 ಸುತ್ತು ತಿರುಗಿಸಿ ಶಾಫ್ಟಿನ ಸುತ್ತು ಎಣಿಸಿ. 41 ಬಂದರೆ ಅನುಪಾತ 4.10, ಸುಮಾರು 37.3 ಬಂದರೆ 3.73. ಕವರ್ ತೆಗೆದು ಹಲ್ಲು ಎಣಿಸಿದರೆ ಇನ್ನೂ ಖಚಿತ: 41ಕ್ಕೆ 10 ಆದರೆ 4.10, 37ಕ್ಕೆ 9 ಆದರೆ 4.11. ಈ ಎರಡರ ನಡುವಿನ ವ್ಯತ್ಯಾಸ ಅರ್ಧ ಶೇಕಡಾವೂ ಇಲ್ಲ, ಒಟ್ಟಿಗೆ ನಡೆಯುತ್ತದೆ. 3.73 ಮತ್ತು 4.10 ಒಟ್ಟಿಗೆ ನಡೆಯುವುದಿಲ್ಲ. ನಡುವೆ ಡಿಫರೆನ್ಷಿಯಲ್ ಇಲ್ಲದ ಟ್ರಾನ್ಸ್‌ಫರ್ ಕೇಸ್ ಎರಡನ್ನೂ ಕಟ್ಟಿಹಾಕಿದಾಗ ಪ್ರತಿ ಕಿಲೋಮೀಟರಿಗೆ ಸುಮಾರು 100 ಮೀಟರಿನಷ್ಟು ಟೈರುಗಳು ಜಾರಲೇಬೇಕು, ಇಲ್ಲವಾದರೆ ಯಾವುದೋ ಒಂದು ಶಾಫ್ಟ್ ಮುರಿಯಬೇಕು.

ಸಾವಿರ ಕಿಲೋಮೀಟರ್ ಆದ ಮೇಲೆ ಡಿಫರೆನ್ಷಿಯಲ್ ಎಣ್ಣೆ ಇಳಿಸಿ, ಅಯಸ್ಕಾಂತದ ಬಿರಡೆಯನ್ನು ಬೆರಳಲ್ಲಿ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆಯ ಲೇಪವಿದ್ದರೆ ಹೊಸ ಎಣ್ಣೆ ತುಂಬಿ ಮುಂದಿನ ಆಕ್ಸಲಿನ ಕೆಲಸ ಶುರುಮಾಡಿ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಹಕ್ಕಳೆ ಸಿಕ್ಕರೆ ಅವನ್ನು ಒಂದು ಶುಭ್ರವಾದ ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡು, ಕವರ್ ಬಿಚ್ಚುವ ಮೆಕ್ಯಾನಿಕ್ಕಿಗೆ ಅದನ್ನೇ ಮೊದಲು ತೋರಿಸಿ.